‘ಸರ್ವರ್ ಇಲ್ಲ’ ಅಂದಾಗ ದಾರಿ ಕಡಿದದ್ದು ಎಲ್ಲಿ?

ಮುರ್ಡೇಶ್ವರದ ಕಡೆ ಜೂನ್ ಬಂತೆಂದರೆ ದೋಣಿಗಳು ದಡ ಸೇರುತ್ತವೆ, ಜನ ಕಚೇರಿಗಳ ದಾರಿ ಹಿಡಿಯುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಕಡಲು ಬಂದ್. ವರ್ಷವಿಡೀ ಮುಂದೂಡುತ್ತ ಬಂದ ಕಾಗದಪತ್ರದ ಕೆಲಸಕ್ಕೆ ಮೀನುಗಾರರ ಮನೆಗಳಲ್ಲಿ ಆಗಲೇ ಬಿಡುವು. ಅದೇ ಹೊತ್ತಿಗೆ ಶಾಲೆ, ಕಾಲೇಜುಗಳ ಬಾಗಿಲು ತೆರೆದಿರುತ್ತದೆ; ಮಕ್ಕಳ ಪ್ರವೇಶಕ್ಕೆ, ವಿದ್ಯಾರ್ಥಿವೇತನಕ್ಕೆ ಜಾತಿ–ಆದಾಯ ಪ್ರಮಾಣಪತ್ರ ಬೇಕು. ಗದ್ದೆ, ತೋಟದವರಿಗೆ ಬೆಳೆಸಾಲಕ್ಕೆ, ಬೆಳೆವಿಮೆಗೆ ಪಹಣಿ ಬೇಕು. ಇದೆಲ್ಲದರ ಜತೆಗೆ ತಿಂಗಳ ಪಡಿತರ. ಗಾಳಿಗೆ ಮರ ಬಿದ್ದು ಕರೆಂಟು ಹೋಗುವ, ನೆಟ್‌ವರ್ಕ್ ಬಂದು ಹೋಗುವ ಎರಡು ತಿಂಗಳಲ್ಲೇ ಕರಾವಳಿಯ ಜನರ ವರ್ಷದ ದಾಖಲೆ ಕೆಲಸದ ದೊಡ್ಡ ಪಾಲು ಬಂದು ಕೂರುತ್ತದೆ.

ಕಿಟಕಿಯ ಎದುರು ನಡೆಯುವ ಮಾತು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ.

“ಇವತ್ತು ಸರ್ವರ್ ಇಲ್ಲ ಅಮ್ಮ, ನಾಳೆ ಬನ್ನಿ.”

“ನಾಳೆ ಬಂದ್ರೆ ಸಿಗ್ತದಾ ತಮ್ಮಾ?”

“ಹೇಳುಕಾಗುದಿಲ್ಲ.”

ಭಟ್ಕಳದಿಂದ ಕುಮಟಾದವರೆಗೆ ಈ ಉತ್ತರ ಕೇಳದೆ ಮನೆಗೆ ಮರಳಿದವರು ಕಡಿಮೆ. ಕಿಟಕಿಯ ಆಚೆ ಕೂತ ಆಪರೇಟರ್ ಸುಳ್ಳು ಹೇಳುತ್ತಿಲ್ಲ. ಅವನ ಪರದೆಯ ಮೇಲೆ ಚಕ್ರ ಸುತ್ತುತ್ತಿದೆ, ಅಥವಾ ಇಂಗ್ಲಿಷಿನಲ್ಲಿ ಒಂದು ಸಾಲು ಬಂದು ನಿಂತಿದೆ. ಬೈಗುಳ ತಿನ್ನುವವನು ಅವನು. ಆದರೆ ಏನು ಕೆಟ್ಟಿದೆ ಎಂಬುದು ಸಾಲಿನಲ್ಲಿ ನಿಂತವರಿಗೆ ಎಷ್ಟು ಗೊತ್ತೋ ಅವನಿಗೂ ಅಷ್ಟೇ ಗೊತ್ತು. ಮಾವಳ್ಳಿಯ ಹಾಡಿಯಿಂದ ಬಸ್ಸಿಗೆ ದುಡ್ಡು ಕೊಟ್ಟು, ದಿನದ ಕೂಲಿ ಬಿಟ್ಟು ಬಂದ ಹೆಂಗಸಿಗೆ ಅದು ಅರ್ಧ ಗಂಟೆಯಲ್ಲಿ ಸರಿಹೋಗುವ ತೊಂದರೆಯೋ ಮೂರು ದಿನ ಹಿಡಿಯುವ ತೊಂದರೆಯೋ ತಿಳಿದರೆ ಸಾಕು, ಕಾಯಬೇಕೋ ಹೋಗಬೇಕೋ ತೀರ್ಮಾನಿಸುತ್ತಾಳೆ. ಆ ಒಂದು ತಿಳಿವಳಿಕೆಯನ್ನು ನಮ್ಮ ವ್ಯವಸ್ಥೆ ಅವಳಿಗೆ ಕೊಡುತ್ತಿಲ್ಲ. ಕೊಡುವುದು ಸಾಧ್ಯವಿದೆ. ಡೇಟಾಬೇಸ್ ಸಂಪರ್ಕ ಸೋಲುವುದು ಕಣ್ಣುಮುಚ್ಚಿದ ಕತ್ತಲಲ್ಲಲ್ಲ. ಪ್ರತಿ ಸೋಲಿಗೂ ಅದರದೇ ಗುರುತಿದೆ.

ಗುಂಡಿ ಒತ್ತಿದಾಗ ಆಗುವುದು ಇಷ್ಟು. ಕಚೇರಿಯ ಕಂಪ್ಯೂಟರಿನಿಂದ ಹೊರಟ ಕೋರಿಕೆ ಗೋಡೆಯ ಮೇಲಿನ ಇಂಟರ್‌ನೆಟ್ ಪೆಟ್ಟಿಗೆಗೆ, ಅಲ್ಲಿಂದ ಕೇಬಲ್ ಹಿಡಿದು ತಾಲೂಕಿಗೆ, ಜಿಲ್ಲೆಗೆ, ಕೊನೆಗೆ ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ತಲುಪುತ್ತದೆ. ಅಲ್ಲಿ ಮೊದಲು ಸಿಗುವುದು ತಂತ್ರಾಂಶ ನಡೆಸುವ ಕಂಪ್ಯೂಟರ್. ಅದು ತನ್ನ ಹಿಂದಿರುವ ಇನ್ನೊಂದು ಕಂಪ್ಯೂಟರನ್ನು ಕೇಳುತ್ತದೆ; ದಾಖಲೆಗಳೆಲ್ಲ ಇರುವುದು ಅದರಲ್ಲಿ, ಅದೇ ಡೇಟಾಬೇಸ್ ಸರ್ವರ್. ಉತ್ತರ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ದೂರ ಇಲ್ಲಿ ದೊಡ್ಡ ಸಂಗತಿಯಲ್ಲ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ; 500 ಕಿ.ಮೀ. ಹೋಗಿ ಬರಲು ಸೆಕೆಂಡಿನ ಇನ್ನೂರನೇ ಒಂದು ಪಾಲು ಸಾಕು. ಪರದೆ ಎರಡು ನಿಮಿಷ ಸುಮ್ಮನಿದ್ದರೆ ತಪ್ಪು ದೂರದ್ದಲ್ಲ. ನಡುವಿನ ಯಾವುದೋ ಒಂದು ಕೊಂಡಿ ಕಳಚಿದೆ.

ಕೊಂಡಿ ಹುಡುಕುವವರು ತಮ್ಮ ಕೈಗೆ ಸಿಗುವ ತುದಿಯಿಂದಲೇ ಶುರು ಮಾಡಬೇಕು. ಪೆಟ್ಟಿಗೆಯ ದೀಪ ಉರಿಯುತ್ತಿದೆಯೇ? ಅದೇ ಕಂಪ್ಯೂಟರಿನಲ್ಲಿ ಬೇರೆ ಜಾಲತಾಣ ತೆರೆಯುತ್ತದೆಯೇ? ಪಕ್ಕದ ಅಂಗಡಿಯ ನೆಟ್ ನಡೆಯುತ್ತಿದೆಯೇ? ಪಕ್ಕದ ಅಂಗಡಿಯಲ್ಲಿ ನಡೆದು ಇಲ್ಲಿ ಯಾವ ತಾಣವೂ ತೆರೆಯದಿದ್ದರೆ ಸರ್ವರ್ ಎಲ್ಲಿಗೂ ಹೋಗಿಲ್ಲ, ಬೆಂಗಳೂರಿನಲ್ಲಿ ನೆಟ್ಟಗೆ ಕೂತಿದೆ; ಕೆಟ್ಟಿರುವುದು ಕಚೇರಿಯ ತಂತಿ. ಕರಾವಳಿಯಲ್ಲಿ ಈ ಮೊದಲ ಕೊಂಡಿಯೇ ಬಹಳ ನಾಜೂಕು. ಉಪ್ಪುಗಾಳಿ ತಾಮ್ರದ ತುದಿಗಳನ್ನು ತಿನ್ನುತ್ತದೆ, ಸಿಡಿಲು ಪೆಟ್ಟಿಗೆಗಳನ್ನು ಸುಡುತ್ತದೆ, ಹೆಸ್ಕಾಂ ತಂತಿಗಳು ಮರಗಳ ನಡುವೆಯೇ ಹಾದುಹೋಗುತ್ತವೆ, ರಸ್ತೆ ಅಗೆಯುವ ಜೆಸಿಬಿ ಹಲ್ಲಿಗೆ ನೆಲದೊಳಗಿನ ಕೇಬಲ್ ಸಿಕ್ಕುತ್ತದೆ. 2022ರ ಆಗಸ್ಟ್ ಆರಂಭದಲ್ಲಿ ಭಟ್ಕಳದಲ್ಲಿ ಒಂದೇ ದಿನ 500 ಮಿ.ಮೀ. ಮೀರಿ ಮಳೆ ಸುರಿದು, ಗುಡ್ಡ ಕುಸಿದು ಜೀವಗಳೇ ಹೋದವು. ಅಂಥ ದಿನ ಸರ್ವರಿನ ಮಾತೆತ್ತುವವರಿಲ್ಲ. ಆದರೆ ಮಾಮೂಲಿ ಆಷಾಢದ ಮಳೆಗೂ ದಿನಕ್ಕೆ ನಾಲ್ಕು ಬಾರಿ ಬಿದ್ದೇಳುವ ಸಂಪರ್ಕಕ್ಕೆ ಮದ್ದಿದೆ: ಪೆಟ್ಟಿಗೆಗೂ ಸೇರಿಸಿ ಯುಪಿಎಸ್, ಕೇಬಲ್ ಕಡಿದರೆ ತಾನೇ ಬದಲಾಗುವ ಮೊಬೈಲ್ ಜಾಲದ ಎರಡನೇ ದಾರಿ. ಕಂಪ್ಯೂಟರಿಗೆ ಯುಪಿಎಸ್ ಕೊಟ್ಟು ಪೆಟ್ಟಿಗೆಯನ್ನು ಗೋಡೆಯ ಪ್ಲಗ್ಗಿಗೇ ಬಿಡುವುದು ಬಹಳ ಕಡೆ ಕಾಣುತ್ತದೆ. ಕರೆಂಟು ಹೋದಾಗ ಪರದೆ ಉರಿಯುತ್ತಿರುತ್ತದೆ, ‘ಸರ್ವರ್’ ಮಾತ್ರ ಹೋಗಿರುತ್ತದೆ.

ತಂತಿ ಸರಿಯಿದ್ದೂ ತಾಣ ಸಿಗದಿದ್ದರೆ ಮುಂದಿನ ಅನುಮಾನ ಹೆಸರಿನ ಮೇಲೆ. ನಾವು ಟೈಪಿಸುವ ವಿಳಾಸವನ್ನು ಅಂಕಿಯ ವಿಳಾಸಕ್ಕೆ ಬದಲಿಸಿಕೊಡುವ ಡಿಎನ್‌ಎಸ್ ಎಂಬ ವ್ಯವಸ್ಥೆಯಿದೆ. ಅದು ಕೈಕೊಟ್ಟರೆ ಸರ್ವರ್ ಜೀವಂತವಿದ್ದರೂ ಯಾರಿಗೂ ಮನೆ ಸಿಗುವುದಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಜಗತ್ತಿನಿಂದಲೇ ಮರೆಯಾದದ್ದು ಹೀಗೆ. ದಿನನಿತ್ಯದ ನಿರ್ವಹಣೆಯ ಒಂದು ಆದೇಶ ಅವರ ದತ್ತಾಂಶ ಕೇಂದ್ರಗಳ ನಡುವಿನ ಸಂಪರ್ಕವನ್ನೇ ಕಡಿದುಹಾಕಿತು. ಅದರ ಬೆನ್ನಿಗೆ, ಹೆಸರಿಗೆ ದಾರಿ ತೋರಿಸುವ ಸರ್ವರುಗಳು ಅಂತರ್ಜಾಲದಿಂದ ಹಿಂದೆ ಸರಿದವು. ಕೋಟಿಗಟ್ಟಲೆ ಜನರ ಮಾಹಿತಿಯ ಒಂದಕ್ಷರವೂ ಅಳಿಸಿರಲಿಲ್ಲ. ಅಲ್ಲಿಗೆ ಹೋಗುವ ದಾರಿ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ.

ವಿಳಾಸ ಸಿಕ್ಕಿತು, ಇನ್ನು ಬಾಗಿಲು. ಪ್ರತಿ ಡೇಟಾಬೇಸಿಗೂ ರೂಢಿಯಲ್ಲಿ ಒಂದು ಬಾಗಿಲ ಸಂಖ್ಯೆಯಿದೆ: ಪೋಸ್ಟ್‌ಗ್ರೆಸ್‌ಗೆ 5432, ಮೈಎಸ್‌ಕ್ಯುಎಲ್‌ಗೆ 3306, ಮೈಕ್ರೋಸಾಫ್ಟ್‌ನದಕ್ಕೆ 1433, ಒರಾಕಲ್‌ಗೆ 1521. ಇಲ್ಲಿ ಬರುವ ಎರಡು ಸಂದೇಶಗಳನ್ನು ಬೇರೆ ಮಾಡಿ ನೋಡಲು ಬಂದರೆ ಅರ್ಧ ರೋಗನಿರ್ಣಯ ಮುಗಿದಂತೆ. ‘ಕನೆಕ್ಷನ್ ರಿಫ್ಯೂಸ್ಡ್’ ಎಂದು ಕಣ್ಣುಮಿಟುಕಿಸುವಷ್ಟರಲ್ಲಿ ಬಂತೆಂದರೆ ಅದು ಒಂದು ರೀತಿಯಲ್ಲಿ ಒಳ್ಳೆಯ ಸುದ್ದಿ. ಕಂಪ್ಯೂಟರ್ ಎದ್ದಿದೆ, ದಾರಿ ಸರಿಯಿದೆ. ಆ ಬಾಗಿಲಲ್ಲಿ ಕೇಳಿಸಿಕೊಳ್ಳಬೇಕಾದ ತಂತ್ರಾಂಶ ಮಾತ್ರ ಚಾಲೂ ಇಲ್ಲ. ಯಾರಾದರೂ ಅದನ್ನು ಮತ್ತೆ ಎಬ್ಬಿಸಿದರೆ ಕೆಲಸ ನಡೆದೀತು. ‘ಟೈಮ್ಡ್ ಔಟ್’ ಹಾಗಲ್ಲ. ಅಲ್ಲಿ ಉತ್ತರವೇ ಇಲ್ಲ. ಕಂಪ್ಯೂಟರ್ ಸತ್ತಿರಬಹುದು, ನಡುದಾರಿಯಲ್ಲಿ ಕೇಬಲ್ ಹೋಗಿರಬಹುದು, ಕಾವಲಿಗಿಟ್ಟ ಫೈರ್‌ವಾಲ್ ನಮ್ಮ ಕೋರಿಕೆಯನ್ನು ಸದ್ದಿಲ್ಲದೆ ಎಸೆಯುತ್ತಿರಬಹುದು. ಉತ್ತರ ಬಾರದಿದ್ದಾಗ ಲಿನಕ್ಸ್ ಕಂಪ್ಯೂಟರ್ ಒಂದು ಸೆಕೆಂಡ್ ಕಾದು ಮತ್ತೆ ಕೇಳುತ್ತದೆ, ಆಮೇಲೆ ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು ಸೆಕೆಂಡ್. ಕೊನೆಯ ಸಲ ಅರವತ್ತನಾಲ್ಕು ಸೆಕೆಂಡ್ ಕಾದು, ಒಟ್ಟು ಸುಮಾರು 127 ಸೆಕೆಂಡ್ ಪ್ರಯತ್ನಿಸಿ ಕೈಚೆಲ್ಲುತ್ತದೆ. ಎರಡು ನಿಮಿಷ ಚಕ್ರ ಸುತ್ತಿ ಸೋತರೆ ಒಂದು ಕಾಯಿಲೆ, ಒತ್ತಿದ ಕೂಡಲೇ ಸೋತರೆ ಇನ್ನೊಂದು. ಕಿಟಕಿಯ ಎದುರು ನಿಂತವರೂ ಕಣ್ಣಿನಿಂದಲೇ ಇದನ್ನು ಗುರುತಿಸಬಹುದು.

ಬಾಗಿಲು ತೆರೆದ ಮೇಲೆ ಗುರುತು ಕೇಳುತ್ತಾರೆ. ಗುಪ್ತಪದದ ಅವಧಿ ಮುಗಿದಿದ್ದರೆ, ತಾಣದ ಭದ್ರತಾ ಪ್ರಮಾಣಪತ್ರವನ್ನು ಯಾರೂ ನವೀಕರಿಸದಿದ್ದರೆ ಅಲ್ಲೇ ತಡೆ. ಇಲ್ಲೊಂದು ಸಣ್ಣ, ಆದರೆ ಬಹಳ ಕಾಡುವ ದೋಷವಿದೆ. ಕಂಪ್ಯೂಟರಿನ ಒಳಗಿನ ಗುಂಡಿ ಬ್ಯಾಟರಿ ಸತ್ತಿದ್ದರೆ ಕರೆಂಟು ಹೋಗಿ ಬಂದಾಗ ಅದರ ಗಡಿಯಾರ ಹಳೆಯ ಯಾವುದೋ ತಾರೀಕಿಗೆ ಜಾರುತ್ತದೆ. ಭದ್ರತಾ ಪ್ರಮಾಣಪತ್ರಗಳಿಗೆ ಶುರುವಾಗುವ ದಿನ, ಮುಗಿಯುವ ದಿನ ಎರಡೂ ಇರುತ್ತವೆ. ಗಡಿಯಾರ ಐದು ವರ್ಷ ಹಿಂದಿದ್ದರೆ ‘ಈ ಪತ್ರ ಇನ್ನೂ ಹುಟ್ಟಿಯೇ ಇಲ್ಲ’ ಎಂದು ಕಂಪ್ಯೂಟರ್ ಸಂಪರ್ಕವನ್ನು ತಾನೇ ನಿರಾಕರಿಸುತ್ತದೆ. ಮಳೆಗಾಲದಲ್ಲಿ ಪದೇಪದೇ ಕರೆಂಟು ಹೋಗುವ ನಮ್ಮ ಕಡೆ, ದೂರು ಕೊಡುವ ಮೊದಲು ಪರದೆಯ ಮೂಲೆಯಲ್ಲಿನ ತಾರೀಕನ್ನು ನೋಡುವುದು ಒಳ್ಳೆಯದು. ಅಗ್ಗದ ಒಂದು ಬ್ಯಾಟರಿ ಬದಲಿಸಿದರೆ ಸರಿಹೋಗುವ ತೊಂದರೆಗೆ ಒಂದು ಇಡೀ ಸಾಲು ಮನೆಗೆ ಹೋಗಬಾರದು.

ಎಲ್ಲ ಸರಿಯಿದ್ದೂ ತುಂಬಿಹೋದಾಗ

ತಂತಿ ಸರಿ, ಹೆಸರು ಸರಿ, ಬಾಗಿಲು ಸರಿ, ಗುರುತೂ ಸರಿ. ಆದರೂ ಒಳಗೆ ಜಾಗವಿಲ್ಲ. ರಾಜ್ಯದಲ್ಲಿ ಒಂದೇ ದಿನ ಎಲ್ಲ ತಾಲೂಕಿಗೂ ‘ಸರ್ವರ್ ಬ್ಯುಸಿ’ ಬಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ, ಮತ್ತು ಜನಕ್ಕೆ ಅತ್ಯಂತ ಕಡಿಮೆ ಗೊತ್ತಿರುವುದೂ ಇದೇ.

ದೇವಸ್ಥಾನದ ಊಟದ ಪಂಕ್ತಿ ನೆನೆಯಿರಿ. ಒಂದು ಪಂಕ್ತಿಗೆ ಇಷ್ಟೇ ಎಲೆ. ಕೂತವರು ಉಂಡು ಎದ್ದರೆ ಹೊರಗಿದ್ದವರು ಒಳಗೆ. ಡೇಟಾಬೇಸಿಗೂ ಇಂಥ ಮಿತಿಯಿದೆ. ಬದಲಾಯಿಸದೆ ಬಿಟ್ಟರೆ ಪೋಸ್ಟ್‌ಗ್ರೆಸ್ ಒಮ್ಮೆಗೆ 100 ಸಂಪರ್ಕಗಳನ್ನು ಕೂರಿಸುತ್ತದೆ, ಮೈಎಸ್‌ಕ್ಯುಎಲ್ 151 ಸಂಪರ್ಕಗಳನ್ನು. ಪೋಸ್ಟ್‌ಗ್ರೆಸ್ ಅದರಲ್ಲೂ ಮೂರು ಎಲೆಗಳನ್ನು ಮೇಲ್ವಿಚಾರಕರಿಗೆಂದೇ ಕಾದಿರಿಸುತ್ತದೆ. ಇಡೀ ಪಂಕ್ತಿ ತುಂಬಿ ಗದ್ದಲವೆದ್ದಾಗ ಸರಿಪಡಿಸುವವರಾದರೂ ಒಳಗೆ ಬರಬೇಕಲ್ಲ. ಉಂಡಾದ ಮೇಲೂ ಎಲೆ ಬಿಟ್ಟು ಏಳದವರು ಇಲ್ಲಿಯೂ ಇರುತ್ತಾರೆ. ಕೆಲಸ ಮುಗಿದರೂ ಸಂಪರ್ಕ ಬಿಡಲು ಮರೆತ ತಂತ್ರಾಂಶ, ಅರ್ಧ ವ್ಯವಹಾರ ಹಿಡಿದುಕೊಂಡು ಸುಮ್ಮನೆ ಕೂತ ಕೋರಿಕೆ ಅಂಥವು. ಅವು ಒಂದೊಂದಾಗಿ ಸೇರಿ ಮಧ್ಯಾಹ್ನದ ಹೊತ್ತಿಗೆ ಪಂಕ್ತಿಯನ್ನೇ ಕಟ್ಟಿಹಾಕುತ್ತವೆ. ಬೆಳಿಗ್ಗೆ ನೆಟ್ಟಗಿದ್ದು ಮಧ್ಯಾಹ್ನ ಮಲಗುವ, ‘ರೀಸ್ಟಾರ್ಟ್’ ಮಾಡಿದರೆ ಎದ್ದು ಮರುದಿನ ಅದೇ ಹೊತ್ತಿಗೆ ಮತ್ತೆ ಮಲಗುವ ಸರ್ವರ್ ಕಂಡರೆ ಇದೇ ರೋಗ. ಅಂಥದ್ದಕ್ಕೆ ರೀಸ್ಟಾರ್ಟ್ ಔಷಧವಲ್ಲ, ಒಂದು ದಿನದ ಉಪಶಮನ.

ಇದರ ಹಿಂದೆ ಶಾಲೆಯ ಮಕ್ಕಳಿಗೂ ಬರುವ ಗುಣಾಕಾರವಿದೆ. ಒಂದೊಂದು ಕೋರಿಕೆಗೆ ಸೆಕೆಂಡಿನ ಹತ್ತನೇ ಒಂದು ಪಾಲು ಹಿಡಿದರೆ, 100 ಜಾಗಗಳಲ್ಲಿ ಸೆಕೆಂಡಿಗೆ 1,000 ಕೋರಿಕೆ ಮುಗಿಯುತ್ತವೆ. ಅದೇ ಕೋರಿಕೆಗೆ 5 ಸೆಕೆಂಡ್ ಹಿಡಿಯತೊಡಗಿದರೆ ಅದೇ 100 ಜಾಗಗಳಲ್ಲಿ ಮುಗಿಯುವುದು ಸೆಕೆಂಡಿಗೆ 20 ಮಾತ್ರ. ಬಂದ ಜನ ಅಷ್ಟೇ, ಯಂತ್ರವೂ ಅದೇ, ಸಾಮರ್ಥ್ಯ ಮಾತ್ರ ಐವತ್ತನೇ ಒಂದು ಪಾಲಿಗೆ ಇಳಿಯಿತು. ‘ಸರ್ವರ್ ಸ್ಲೋ’ ಮತ್ತು ‘ಸರ್ವರ್ ಇಲ್ಲ’ ಎರಡು ಬೇರೆ ಕಾಯಿಲೆಗಳೆಂದು ನಾವು ತಿಳಿದಿರುತ್ತೇವೆ. ಬಹಳ ಸಲ ಮೊದಲನೆಯದು ಬಲಿತು ಎರಡನೆಯದಾಗಿರುತ್ತದೆ.

ಕರ್ನಾಟಕ ಇದನ್ನು 2025ರ ಜನವರಿಯಲ್ಲಿ ಕಣ್ಣಾರೆ ಕಂಡಿತು. ಆಸ್ತಿ ನೋಂದಣಿಗೆಂದು 2023ರಲ್ಲಿ ಬಂದ ಕಾವೇರಿ 2.0 ತಂತ್ರಾಂಶ ಮತ್ತೆಮತ್ತೆ ಕುಸಿಯಿತು. ರಾಜ್ಯದ ಉಪನೋಂದಣಿ ಕಚೇರಿಗಳಲ್ಲಿ ಕ್ರಯಪತ್ರಕ್ಕೆ ಬಂದವರು, ಸಾಕ್ಷಿಗಳು, ಊರಿಂದ ರಜೆ ಹಾಕಿ ಬಂದ ಅಣ್ಣತಮ್ಮಂದಿರು ಕಾದು ಕಾದು ಎದ್ದುಹೋದರು. ಮೊದಲಿಗೆ ಎಲ್ಲರೂ ಅಂದದ್ದು ತಾಂತ್ರಿಕ ದೋಷ ಎಂದೇ. ಇ–ಆಡಳಿತ ಇಲಾಖೆ, ಕಂದಾಯ ಇಲಾಖೆ ಕೂಡಿ ಪರಿಶೀಲಿಸಿದಾಗ ಬೇರೆಯದೇ ಚಿತ್ರ ಹೊರಬಂತು: ಇದು ಬೇಕೆಂದೇ ಮಾಡಿದ ದಾಳಿ. ನಕಲಿ ಖಾತೆಗಳನ್ನು ತೆರೆದು, ಸ್ವಯಂಚಾಲಿತ ತಂತ್ರಾಂಶ ಬಳಸಿ, ಋಣಭಾರ ಪತ್ರದ ಹುಡುಕಾಟಕ್ಕೆ ಅರ್ಥವಿಲ್ಲದ ಪದಗಳನ್ನು ಸುರಿಯಲಾಗಿತ್ತು. ಒಂದು ದಾಳಿಯಲ್ಲಿ ಎರಡೇ ಗಂಟೆಗೆ 6.2 ಲಕ್ಷ ಕೋರಿಕೆ. ಬಳಸಿದ್ದು 62 ಇಮೇಲ್ ಖಾತೆ, 14 ಐಪಿ ವಿಳಾಸ. ಒಂದು ಹಂತದಲ್ಲಿ ಋಣಭಾರ ಹುಡುಕಾಟದ ದಟ್ಟಣೆ ಮಾಮೂಲಿಗಿಂತ ಎಂಟು ಪಟ್ಟು. ಪೊಲೀಸರಲ್ಲಿ ಪ್ರಕರಣ ದಾಖಲಾಯಿತು.

6.2 ಲಕ್ಷ ದೊಡ್ಡ ಸಂಖ್ಯೆಯಂತೆ ಕೇಳಿಸುತ್ತದೆ. ಎರಡು ಗಂಟೆಗೆ ಹಂಚಿದರೆ ಸೆಕೆಂಡಿಗೆ 86. ಈಗಿನ ಯಂತ್ರಗಳಿಗೆ ಅದೊಂದು ಭಾರವೇ ಅಲ್ಲ, ಕೋರಿಕೆ ಹಗುರವಾಗಿದ್ದರೆ. ದಾಳಿ ಮಾಡಿದವರಿಗೆ ಗೊತ್ತಿದ್ದದ್ದು ಅದೇ. ಅವರು ಹಗುರವಾದದ್ದನ್ನು ಮುಟ್ಟಲಿಲ್ಲ. ನೋಂದಣಿ ಸಂಖ್ಯೆ ಕೊಟ್ಟು ಒಂದು ದಾಖಲೆ ಕೇಳಿದರೆ ಡೇಟಾಬೇಸ್ ತನ್ನ ಸೂಚಿಯನ್ನು (ಇಂಡೆಕ್ಸ್) ಹಿಡಿದು ನೇರ ಅಲ್ಲಿಗೆ ಹೋಗುತ್ತದೆ. ಎರಡು ಕೋಟಿ ದಾಖಲೆಗಳಿದ್ದರೂ ಮೂರು ನಾಲ್ಕು ಹೆಜ್ಜೆಯ ಕೆಲಸ. ಹೆಸರಿನ ತುಣುಕು ಕೊಟ್ಟು ವರ್ಷಗಳ ಉದ್ದಕ್ಕೂ ಹುಡುಕು ಎಂದರೆ ಸೂಚಿ ಉಪಯೋಗಕ್ಕೆ ಬಾರದೆ ಸಾಲುಸಾಲಾಗಿ ಓದಬೇಕಾಗಿ ಬರಬಹುದು. ಇದು ನನ್ನದೇ ಅಂದಾಜಿನ ಲೆಕ್ಕ, ಕಾವೇರಿಯ ಒಳಗಿನ ಅಂಕಿಗಳಲ್ಲ: ಒಂದು ಹುಡುಕಾಟಕ್ಕೆ ಎರಡು ಸೆಕೆಂಡ್ ಹಿಡಿದರೆ ಸೆಕೆಂಡಿಗೆ 86 ಕೋರಿಕೆಗಳು ಒಮ್ಮೆಗೆ 172 ಜಾಗ ಹಿಡಿದು ಕೂರುತ್ತವೆ. 151ರ ಮಿತಿ ಅಲ್ಲಿಗೇ ಮುಗಿಯಿತು. ಋಣಭಾರ ಹುಡುಕುವವರಿಗೂ ಕ್ರಯಪತ್ರ ಬರೆಸುವವರಿಗೂ ಪಂಕ್ತಿ ಒಂದೇ ಆಗಿದ್ದರೆ, ಹುಡುಕಾಟದ ಗದ್ದಲಕ್ಕೆ ನೋಂದಣಿಯೂ ಉಪವಾಸ ಬೀಳುತ್ತದೆ. ಅದಕ್ಕೇ ಅನುಭವಸ್ಥರು ಭಾರದ ಹುಡುಕಾಟಕ್ಕೆ ಬೇರೆಯೇ ಪ್ರತಿಯನ್ನು, ಬೇರೆಯೇ ಮಿತಿಯನ್ನು ಇಡುತ್ತಾರೆ. ಒಂದು ಖಾತೆಯಿಂದ ನಿಮಿಷಕ್ಕೆ ಇಷ್ಟೇ ಹುಡುಕಾಟ ಎಂದು ಕಟ್ಟುತ್ತಾರೆ.

ಮಿತಿಯನ್ನೇ ಏರಿಸಿಬಿಟ್ಟರೆ? ಎಲ್ಲರಿಗೂ ಮೊದಲು ಹೊಳೆಯುವ ಪರಿಹಾರ ಅದು. ಪ್ರತಿ ಸಂಪರ್ಕವೂ ಯಂತ್ರದ ಮೆಮೊರಿಯ ಒಂದು ಪಾಲು ಕೇಳುತ್ತದೆ. ಮಿತಿ ಅತಿಯಾಗಿ ಏರಿಸಿದರೆ ಯಂತ್ರವೇ ಉಸಿರುಗಟ್ಟುತ್ತದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಕಂಪನಿಯ ಡೇಟಾಬೇಸ್ ಕಾಟಕ್ಕೆ ಸಿಕ್ಕಿದಾಗ, ಅದರ ಸಂಪರ್ಕ ಮಿತಿಯನ್ನು 8,000ಕ್ಕೆ ಇಟ್ಟಿದ್ದರಿಂದ ಡೇಟಾಬೇಸ್ ಏಳಲು ಒಪ್ಪಲಿಲ್ಲ, 2,000ಕ್ಕೆ ಇಳಿಸಬೇಕಾಯಿತು. ಅದೇ ರಾತ್ರಿ ದಣಿದ ಎಂಜಿನಿಯರ್ ಒಬ್ಬರು ನಕಲು ಪ್ರತಿಯೆಂದು ತಿಳಿದು ಮೂಲದ ಕಡತಗಳನ್ನೇ ಅಳಿಸತೊಡಗಿದರು. ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಆಮೇಲೆ ಆ ಕಂಪನಿ ಮಾಡಿದ್ದನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ. ಏನಾಯಿತು, ಏನು ಮಾಡುತ್ತಿದ್ದೇವೆ ಎಂಬುದನ್ನು ಕ್ಷಣಕ್ಷಣಕ್ಕೂ ಬಹಿರಂಗವಾಗಿ ಬರೆದರು, ದುರಸ್ತಿಯನ್ನು ಯೂಟ್ಯೂಬಿನಲ್ಲಿ ನೇರ ತೋರಿಸಿದರು, ಆರು ಗಂಟೆಯ ಮಾಹಿತಿ ಕಳೆದುಹೋಯಿತೆಂದು ಒಪ್ಪಿಕೊಂಡರು, ಎಂಜಿನಿಯರ್ ಹೆಸರನ್ನು ಬಲಿ ಕೊಡಲಿಲ್ಲ. ಮುಚ್ಚಿಡದೆ ಹೇಳಿದ್ದರಿಂದ ಅವರ ಮೇಲಿನ ನಂಬಿಕೆ ಉಳಿಯಿತು.

ತುಂಬಿದ ಸರ್ವರನ್ನು ಇನ್ನಷ್ಟು ಮುಳುಗಿಸುವವರು ನಾವೇ ಎಂಬುದನ್ನೂ ಹೇಳಬೇಕು. ಪರದೆ ನಿಂತಿತೆಂದು ಗುಂಡಿಯನ್ನು ಐದು ಸಲ ಒತ್ತುತ್ತೇವೆ. ಹಳೆಯ ಕೋರಿಕೆ ಒಳಗೆ ಜಾಗ ಹಿಡಿದೇ ಇರುತ್ತದೆ, ಹೊಸದಾಗಿ ನಾಲ್ಕು ಬಾಗಿಲಿಗೆ ಹೋಗುತ್ತವೆ. ಬೆಳಿಗ್ಗೆ ಹತ್ತಕ್ಕೆ ರಾಜ್ಯದ ಎಲ್ಲ ಕಚೇರಿಗಳು ಒಟ್ಟಿಗೆ ತೆರೆದು, ಒಟ್ಟಿಗೆ ಸೋತು, ಒಟ್ಟಿಗೆ ಮತ್ತೆ ಒತ್ತಿದರೆ ಸರ್ವರ್ ಏಳುವ ಪ್ರತಿ ಸಲವೂ ಅದೇ ಅಲೆ ಬಂದು ಬಡಿಯುತ್ತದೆ. ಚೆನ್ನಾಗಿ ಬರೆದ ತಂತ್ರಾಂಶ ಇದನ್ನು ಜನರ ತಾಳ್ಮೆಗೆ ಬಿಡುವುದಿಲ್ಲ. ಸೋತಾಗ ಕಾಯುವ ಹೊತ್ತನ್ನು ಪ್ರತಿ ಸಲ ಇಮ್ಮಡಿಸುತ್ತದೆ, ಜತೆಗೆ ಒಬ್ಬೊಬ್ಬರಿಗೆ ಒಂದಿಷ್ಟು ಹೆಚ್ಚುಕಡಿಮೆ ಮಾಡಿ ಎಲ್ಲರೂ ಒಂದೇ ಕ್ಷಣಕ್ಕೆ ಮರಳದಂತೆ ಹರಡುತ್ತದೆ.

ದುಡ್ಡು ಹೋಯಿತು, ನಂಬರ್ ಬರಲಿಲ್ಲ

ಶುಲ್ಕ ಕಟ್ಟುವ ಹಂತದಲ್ಲಿ ಸಂಪರ್ಕ ಕಡಿದರೆ ಆಗುವ ಸಂಕಟ ಬೇರೆಯದೇ. ಮೊಬೈಲಿಗೆ ‘ಹಣ ಕಡಿತವಾಗಿದೆ’ ಎಂಬ ಸಂದೇಶ ಬರುತ್ತದೆ, ಕಚೇರಿಯ ಪರದೆಯಲ್ಲಿ ಅರ್ಜಿ ಸಂಖ್ಯೆ ಹುಟ್ಟುವುದಿಲ್ಲ. ಬ್ಯಾಂಕಿನ ಡೇಟಾಬೇಸ್ ಬೇರೆ, ಇಲಾಖೆಯದು ಬೇರೆ. ಎರಡೂ ಒಂದೇ ಮಾತು ಬರೆದುಕೊಳ್ಳಬೇಕು. ಬ್ಯಾಂಕ್ ‘ಬಂತು’ ಎಂದು ಹೇಳಿ ಕಳಿಸಿದ ಸುದ್ದಿ ದಾರಿಯಲ್ಲಿ ಕಳೆದುಹೋದರೆ ಇಲಾಖೆಗೆ ಅದು ಗೊತ್ತೇ ಆಗುವುದಿಲ್ಲ. ಸುದ್ದಿ ತಲುಪಿತೇ ಎಂದು ತಿಳಿಯಲು ಇನ್ನೊಂದು ಸುದ್ದಿ ಬೇಕು, ಅದು ತಲುಪಿತೇ ಎನ್ನಲು ಮತ್ತೊಂದು. ಹೀಗಾಗಿ ನಂತರ ಎರಡೂ ಕಡೆಯ ಪಟ್ಟಿ ತಾಳೆ ನೋಡುವುದು ಅನಿವಾರ್ಯ. ಮತ್ತೆ ಕಟ್ಟುವ ಮೊದಲು ವ್ಯವಹಾರ ಸಂಖ್ಯೆ ಬರೆದಿಟ್ಟುಕೊಂಡು, ಅದೇ ಸಂಖ್ಯೆಯಿಂದ ಸ್ಥಿತಿ ಕೇಳುವುದು ಸರಿಯಾದ ಕ್ರಮ.

ಬ್ಯಾಂಕುಗಳ ಮಟ್ಟಿಗೆ ಇಲ್ಲೊಂದು ಗಟ್ಟಿ ನಿಯಮವಿದೆ. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ, ಸೋತ ಯುಪಿಐ ವ್ಯವಹಾರದ ಹಣ ನಿಗದಿತ ದಿನಗಳೊಳಗೆ ತಾನಾಗಿ ಗ್ರಾಹಕರ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ ₹100 ಪರಿಹಾರ. ಗ್ರಾಹಕ ದೂರು ಕೊಡಲಿ ಬಿಡಲಿ.

ಸರ್ಕಾರಿ ಸೇವೆಗೂ ನಮ್ಮಲ್ಲಿ ಕಾಲಮಿತಿಯ ಕಾನೂನಿದೆ, ಅದು ಹೆಮ್ಮೆಯ ಕಾನೂನೂ ಹೌದು. 2011ರ ಸೇವಾ ಖಾತರಿ ಅಧಿನಿಯಮದಡಿ 2012ರ ಏಪ್ರಿಲ್‌ನಲ್ಲಿ ‘ಸಕಾಲ’ ರಾಜ್ಯವ್ಯಾಪಿಯಾಯಿತು. ಅರ್ಜಿ ಕೊಟ್ಟಾಗ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಸಿಗುತ್ತದೆ. ನಿಗದಿತ ದಿನ ಮೀರಿದರೆ ದಿನಕ್ಕೆ ₹20ರಂತೆ ಗರಿಷ್ಠ ₹500 ಪರಿಹಾರ ಕೇಳಬಹುದು. ಆದರೆ ಆ ಗಡಿಯಾರ ಓಡತೊಡಗುವುದು ಸಂಖ್ಯೆ ಹುಟ್ಟಿದ ಮೇಲೆ. ಸಂಖ್ಯೆ ಹುಟ್ಟಬೇಕಾದರೆ ಸರ್ವರ್ ಬೇಕು. ಸರ್ವರ್ ಇಲ್ಲವೆಂದು ಮೂರು ದಿನ ತಿರುಗಿದವಳ ಆ ಮೂರು ದಿನ ಯಾವ ಲೆಕ್ಕಕ್ಕೂ ಬರುವುದಿಲ್ಲ. ಕಡತದಲ್ಲಿ ಅವಳ ಅರ್ಜಿ ನಾಲ್ಕನೇ ದಿನ ಬಂದಿದೆ, ಸಮಯಕ್ಕೆ ಸರಿಯಾಗಿ ವಿಲೇವಾರಿಯೂ ಆಗಿದೆ. ಅಂಕಿಅಂಶಗಳಲ್ಲಿ ಎಲ್ಲ ಸುಸೂತ್ರ. ಕಳೆದುಹೋದ ಕೂಲಿ, ಬಸ್ ಚಾರ್ಜು, ಮುಗಿದುಹೋದ ಪ್ರವೇಶದ ಕೊನೆಯ ದಿನ, ಯಾವುದಕ್ಕೂ ದಾಖಲೆಯಿಲ್ಲ. ಸಂಪರ್ಕ ಸೋಲುವುದಕ್ಕಿಂತ ನನ್ನನ್ನು ಕಾಡುವುದು ಈ ದಾಖಲೆಯಿಲ್ಲದಿರುವಿಕೆ. ಯಂತ್ರ ಕೆಡುವುದು ಸಹಜ. ಕೆಟ್ಟದ್ದರ ಹೊರೆಯೆಲ್ಲ ಸಾಲಿನಲ್ಲಿ ನಿಂತವರ ತಲೆಗೇ ಹೋಗುವುದು ಸಹಜವಲ್ಲ.

ಇದನ್ನು ಸರಿಪಡಿಸಲು ದೊಡ್ಡ ತಂತ್ರಜ್ಞಾನವೇನೂ ಬೇಡ. ಕಚೇರಿಯ ಕಂಪ್ಯೂಟರಿನಲ್ಲೇ, ನೆಟ್ ಇಲ್ಲದಿದ್ದರೂ, ಹೆಸರು–ಸೇವೆ–ದಿನಾಂಕ–ಹೊತ್ತು ಬರೆದು ತಾತ್ಕಾಲಿಕ ಸಂಖ್ಯೆಯ ಚೀಟಿ ಮುದ್ರಿಸಿಕೊಡಬಹುದು. ಸಂಪರ್ಕ ಮರಳಿದಾಗ ಅವು ತಾವಾಗಿ ಮೇಲೆ ಹೋಗಿ ಸಕಾಲದ ಸಂಖ್ಯೆ ಪಡೆಯಲಿ, ದಿನಾಂಕ ಮಾತ್ರ ಚೀಟಿಯದೇ ಇರಲಿ. ಮೊದಲು ಇಲ್ಲೇ ಬರೆದಿಟ್ಟು ಆಮೇಲೆ ಕಳಿಸುವ ಕ್ರಮ ತಂತ್ರಾಂಶದವರಿಗೆ ಹಳೆಯದು. ಸಂಪರ್ಕವಿಲ್ಲದಾಗ ವಾಟ್ಸ್‌ಆ್ಯಪಿನಲ್ಲಿ ಬರೆದ ಸಂದೇಶ ಗಡಿಯಾರದ ಗುರುತು ಹೊತ್ತು ಕಾದು, ನೆಟ್ ಬಂದಾಗ ಹೋಗುವುದನ್ನು ದಿನವೂ ನೋಡುತ್ತೇವೆ.

ಹಾಗಿದ್ದರೆ ಎಲ್ಲವನ್ನೂ ಬೆಂಗಳೂರಿನಲ್ಲಿ ಇಟ್ಟದ್ದೇ ತಪ್ಪೇ? ಈ ಪ್ರಶ್ನೆಗೆ ಉತ್ತರ ಸುಲಭವಿಲ್ಲ. ಭೂಮಿ ಯೋಜನೆ ಶುರುವಾದಾಗ, ಅಂದರೆ 2000ದ ಆಸುಪಾಸಿನಲ್ಲಿ, ಕಥೆ ಬೇರೆಯಿತ್ತು. ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು: ಸುಮಾರು 2 ಕೋಟಿ ದಾಖಲೆ, 67 ಲಕ್ಷ ರೈತರು. ಆಗ ಪ್ರತಿ ತಾಲೂಕು ಕಚೇರಿಯ ಕೋಣೆಯಲ್ಲಿಯೇ ಆ ತಾಲೂಕಿನ ಸರ್ವರ್ ಇರುತ್ತಿತ್ತು. ಭಟ್ಕಳದ ಪಹಣಿ ಭಟ್ಕಳದಲ್ಲಿ, ಹೊನ್ನಾವರದ್ದು ಹೊನ್ನಾವರದಲ್ಲಿ. ಕರೆಂಟೋ ಜನರೇಟರೋ ಇದ್ದರೆ ₹15 ಕೊಟ್ಟು ಪಹಣಿ ಪಡೆಯಬಹುದಿತ್ತು, ನಡುವೆ ಐನೂರು ಕಿಲೋಮೀಟರಿನ ಕೇಬಲ್ ಅವಲಂಬನೆ ಇರಲಿಲ್ಲ. ಆದರೆ ಪಹಣಿಗಾಗಿ ತಾಲೂಕು ಕೇಂದ್ರಕ್ಕೇ ಹೋಗಬೇಕಿತ್ತು. ಮುಂಬೈನಲ್ಲೋ ದುಬೈನಲ್ಲೋ ಇರುವ ಭಟ್ಕಳದವರಿಗೆ ತಮ್ಮ ಜಮೀನಿನ ದಾಖಲೆ ನೋಡುವ ದಾರಿಯಿರಲಿಲ್ಲ. ಆ ಒಂದು ಯಂತ್ರ ಸುಟ್ಟರೆ ತಾಲೂಕಿನ ದಾಖಲೆಗೇ ಆತಂಕ. ಕೇಂದ್ರೀಕರಣ ಈ ಮೂರನ್ನೂ ಪರಿಹರಿಸಿತು. ಬದಲಿಗೆ, ಒಂದು ಕಡೆ ಸೋತರೆ ಇಡೀ ರಾಜ್ಯವೇ ಸೋಲುವಂತಾಯಿತು.

ಹಿಂದಕ್ಕೆ ಹೋಗುವುದು ನನಗೆ ಬೇಡ. ಎರಡರ ಒಳ್ಳೆಯದನ್ನೂ ಇಟ್ಟುಕೊಳ್ಳುವ ದಾರಿ ಇದೆ. ಬರೆಯುವ ಕೆಲಸ, ಅಂದರೆ ಮ್ಯುಟೇಶನ್, ನೋಂದಣಿ, ಒಂದೇ ಕಡೆ ನಡೆಯಲಿ. ಓದುವ ಕೆಲಸಕ್ಕೆ ನಕಲು ಪ್ರತಿಗಳು ಹಲವು ಕಡೆ ಇರಲಿ. ಪಹಣಿ ಗಳಿಗೆಗೊಮ್ಮೆ ಬದಲಾಗುವ ವಸ್ತುವಲ್ಲ. ನಿನ್ನೆ ರಾತ್ರಿಯ ಪ್ರತಿಯಿಂದ, ‘ಇದು ಇಂಥ ದಿನಾಂಕದವರೆಗಿನದು’ ಎಂದು ಬರೆದು ಕೊಟ್ಟ ಪಹಣಿ ಬೆಳೆಸಾಲದ ಅರ್ಜಿಗೆ ಬಹುಪಾಲು ಸಾಕು. ಬ್ಯಾಂಕಿಗೆ ಇಂದಿನದೇ ಬೇಕೆಂದರೆ ಅದು ನೇರವಾಗಿ ನೋಡಿಕೊಳ್ಳಲಿ. ಅದಕ್ಕಾಗಿ ರೈತ ಎರಡು ಬಾರಿ ಕುಮಟಾಕ್ಕೆ ಬರಬೇಕಿಲ್ಲ.

ಅಲ್ಲಿಯವರೆಗೆ ಕಿಟಕಿಯ ಎರಡೂ ಕಡೆಯವರು ಮಾಡಬಹುದಾದದ್ದಿದೆ. ಆಪರೇಟರುಗಳು ಪರದೆಯ ಮೇಲೆ ಬಂದ ಸಾಲನ್ನು ಮೊಬೈಲಿನಲ್ಲಿ ಚಿತ್ರ ತೆಗೆದು, ಹೊತ್ತು ಬರೆದು ಮೇಲೆ ಕಳಿಸಲಿ. ‘ಸರ್ವರ್ ಪ್ರಾಬ್ಲಂ’ ಎಂಬ ದೂರಿಗೂ ‘10.12ಕ್ಕೆ ಟೈಮ್ಡ್ ಔಟ್, ಬೇರೆ ತಾಣಗಳು ತೆರೆಯುತ್ತಿವೆ, ಹೊನ್ನಾವರದಲ್ಲೂ ಹೀಗೇ’ ಎಂಬ ದೂರಿಗೂ ಅಜಗಜಾಂತರ. ಎರಡನೆಯದನ್ನು ಓದಿದ ಎಂಜಿನಿಯರ್ ನೇರ ಸರಿಯಾದ ಕೊಂಡಿಗೇ ಕೈಹಾಕುತ್ತಾನೆ. ಇಲಾಖೆಗಳು ಪರದೆಯ ಸಂದೇಶವನ್ನು ಕನ್ನಡದಲ್ಲಿ, ಬಿಡಿಸಿ ಹೇಳಲಿ: ನಿಮ್ಮ ಕಚೇರಿಯ ನೆಟ್ ಇಲ್ಲ, ಅಥವಾ ಕೇಂದ್ರ ಸರ್ವರ್ ನಿಂತಿದೆ, ಅಥವಾ ದಟ್ಟಣೆಯಿದೆ, ಇಷ್ಟು ಹೊತ್ತು ಬಿಟ್ಟು ಬನ್ನಿ. ಯಾವ ಸೇವೆ ಯಾವಾಗ ನಿಂತಿತು, ಯಾವಾಗ ಮರಳಿತು ಎಂಬ ಪಟ್ಟಿ ಎಲ್ಲರಿಗೂ ಕಾಣುವ ಒಂದು ಪುಟದಲ್ಲಿರಲಿ. ಬೆಳಿಗ್ಗೆ ಎದ್ದು ಮೊಬೈಲಿನಲ್ಲಿ ಅದನ್ನು ನೋಡಿದರೆ ಹತ್ತು ಮೈಲಿ ಬರುವ ಮೊದಲೇ ಗೊತ್ತಾಗುತ್ತದೆ.

ಜೂನ್ ತಿಂಗಳ ಭಾರ ಅನಿರೀಕ್ಷಿತವಲ್ಲ ಎಂಬುದನ್ನೂ ಮರೆಯಬಾರದು. ಶಾಲೆ ಯಾವಾಗ ತೆರೆಯುತ್ತದೆ, ಬೆಳೆಸಾಲ ಯಾವಾಗ, ವಿದ್ಯಾರ್ಥಿವೇತನದ ಅರ್ಜಿ ಯಾವಾಗ, ಕಡಲು ಯಾವಾಗ ಮುಚ್ಚುತ್ತದೆ, ಮಳೆ ಯಾವಾಗ ಹಿಡಿಯುತ್ತದೆ, ಎಲ್ಲವೂ ಪಂಚಾಂಗದಷ್ಟೇ ಖಚಿತ. ಏಪ್ರಿಲಿನಲ್ಲೇ ಕೃತಕವಾಗಿ ಜೂನಿನಷ್ಟು ಕೋರಿಕೆಗಳನ್ನು ಕಳಿಸಿ ಸರ್ವರ್ ಎಷ್ಟು ತಾಳುತ್ತದೆಂದು ಪರೀಕ್ಷಿಸಬಹುದು. ಯಾವ ಹುಡುಕಾಟ ನಿಧಾನವೋ ಅದಕ್ಕೆ ಸೂಚಿ ಕಟ್ಟಬಹುದು. ಅವಧಿ ಮುಗಿಯಲಿರುವ ಪ್ರಮಾಣಪತ್ರಗಳನ್ನು ನವೀಕರಿಸಬಹುದು. ಮೇ ತಿಂಗಳಲ್ಲಿ, ಮೊದಲ ಗುಡುಗಿಗೆ ಮುಂಚೆ, ಮಾವಳ್ಳಿಯಿಂದ ಕುಮಟಾದವರೆಗಿನ ಪ್ರತಿ ಕಚೇರಿಯಲ್ಲಿ ಗೋಡೆಯ ಪೆಟ್ಟಿಗೆಗೆ ಯುಪಿಎಸ್ ಇದೆಯೇ, ಕಂಪ್ಯೂಟರಿನ ತಾರೀಕು ಸರಿಯಿದೆಯೇ, ಕೇಬಲ್ ಕಿತ್ತರೆ ಮೊಬೈಲ್ ಜಾಲಕ್ಕೆ ಬದಲಾಗುತ್ತದೆಯೇ ಎಂದು ಒಬ್ಬರು ಹೋಗಿ, ನಿಜವಾಗಿ ಕೇಬಲ್ ಕಿತ್ತು ನೋಡಿ ಬರಬಹುದು. ಒಂದು ತಾಲೂಕಿಗೆ ಒಂದು ವಾರದ ಕೆಲಸ.